ಎತ್ತೋದು ಬಿಟ್ಟು ಫೋಟೋ ತೆಗೆಯುತ್ತೀರಲ್ಲ, ಸರಿಯಾ?

ಓದುಗರ ಪ್ರಶ್ನೆ: ಅಪಘಾತದಲ್ಲೋ ಆನೆ ದಾಳಿಯಲ್ಲೋ ಜನ ನರಳುತ್ತಾ ಬಿದ್ದಿರುತ್ತಾರೆ. ಪತ್ರಿಕೆಯವರು ಫೋಟೋ ತೆಗೆಯುತ್ತಾ ನಿಂತಿರುತ್ತೀರಿ. ಮೊದಲು ಅವರನ್ನು ಎತ್ತಬಾರದಾ?

ಇದೇ ಪ್ರಶ್ನೆ ಈ ತಿಂಗಳಲ್ಲಿ ನಾಲ್ಕನೇ ಸಲ. ಮಹಾರಾಜ ಪಾರ್ಕಿನಲ್ಲಿ ವಾಕಿಂಗ್ ಮಾಡುವಾಗ ಕೇಳುತ್ತಾರೆ. ಮದುವೆ ಊಟದ ಎಲೆ ಮುಂದೆ ಕೇಳುತ್ತಾರೆ. 2025ರ ಸೆಪ್ಟೆಂಬರ್ 12ರ ರಾತ್ರಿ ಮೊಸಳೆಹೊಸಹಳ್ಳಿಯಲ್ಲಿ ಗಣೇಶ ಮೆರವಣಿಗೆಗೆ ಲಾರಿ ನುಗ್ಗಿದ ಮೇಲಂತೂ ಕೇಳುವವರು ಜಾಸ್ತಿಯಾಗಿದ್ದಾರೆ. ಈ ಸಲ ಬರೆದೇ ಬಿಡುತ್ತೇನೆ. ಮುಂದೆ ಕೇಳಿದವರಿಗೆ ಇದನ್ನೇ ತೋರಿಸಬಹುದು.

ಎತ್ತಬೇಕು. ಎತ್ತಲು ಬೇರೆ ಯಾರೂ ಇಲ್ಲದಿದ್ದರೆ ಕ್ಯಾಮೆರಾ ಕೆಳಗಿಡಬೇಕು. ಇದರಲ್ಲಿ ಎರಡು ಮಾತಿಲ್ಲ. ಆದರೆ ಆ ಸಂದರ್ಭ ನಮಗೆ ಬರುವುದೇ ಅಪರೂಪ. ದೋಣಿಗಾಲ್ ಹತ್ತಿರ ಬಸ್ಸು ಮಗುಚಿದೆ ಅಂತ ಹಾಸನಕ್ಕೆ ಫೋನ್ ಬಂದು, ಬೈಕ್ ಹತ್ತಿ, ನಲವತ್ತಕ್ಕೂ ಹೆಚ್ಚು ಕಿಲೋಮೀಟರ್ ಹೋಗುವಷ್ಟರಲ್ಲಿ 108 ಬಂದು ಹೋಗಿರುತ್ತದೆ. ಮೊದಲ ಹತ್ತು ನಿಮಿಷ ಅಲ್ಲಿರುವುದು ಹಿಂದಿನ ಕಾರಿನವರು, ಪಕ್ಕದ ತೋಟದ ಆಳುಗಳು. ಅವರ ಕೈಯಲ್ಲೂ ಫೋನಿರುತ್ತದೆ. ಅದಕ್ಕೆ ಆಮೇಲೆ ಬರುತ್ತೇನೆ.

ಇಷ್ಟು ಹೇಳಿದ ಕೂಡಲೇ ಎದುರಿನವರು ಮೊಬೈಲ್ ತೆಗೆದು ಆ ಫಾರ್ವರ್ಡ್ ತೋರಿಸುತ್ತಾರೆ. ನಿಮಗೂ ಬಂದಿರುತ್ತದೆ ಬಿಡಿ. ಸುಡಾನ್ ಬರಗಾಲ, ಮುದುಡಿ ಕೂತ ಮಗು, ಹಿಂದೆ ರಣಹದ್ದು. ಫೋಟೋಗ್ರಾಫರ್‌ಗೆ ದೊಡ್ಡ ಪ್ರಶಸ್ತಿ ಬಂತಂತೆ. ಯಾರೋ ಫೋನ್ ಮಾಡಿ 'ಆಮೇಲೆ ಮಗು ಏನಾಯಿತು' ಅಂದರಂತೆ. 'ಗೊತ್ತಿಲ್ಲ, ನನಗೆ ವಿಮಾನ ಹಿಡಿಯಬೇಕಿತ್ತು' ಅಂದನಂತೆ. 'ಹಾಗಾದರೆ ಅಲ್ಲಿ ಎರಡು ರಣಹದ್ದು ಇದ್ದವು, ಒಂದರ ಕೈಯಲ್ಲಿ ಕ್ಯಾಮೆರಾ ಇತ್ತು' ಅಂದರಂತೆ. ಆ ಕೊರಗಿನಲ್ಲೇ ಅವನು ಪ್ರಾಣ ಕಳೆದುಕೊಂಡನಂತೆ. ಕೊನೆಗೆ ಎರಡು ಕೈಮುಗಿದ ಇಮೋಜಿ.

ಹಳ್ಳಿ ಗ್ರೂಪುಗಳ ಮಾತು ಹಾಗಿರಲಿ. 2020ರ ಮೇ ತಿಂಗಳಲ್ಲಿ ವಲಸೆ ಕಾರ್ಮಿಕರ ವಿಚಾರಣೆ ನಡೆಯುವಾಗ ಕೇಂದ್ರದ ಸಾಲಿಸಿಟರ್ ಜನರಲ್ ಸುಪ್ರೀಂ ಕೋರ್ಟಿನಲ್ಲೇ ಈ ಕತೆ ಹೇಳಿದರು. ಅಲ್ಲಿಗೇ ಹೋಗಿ ಬಂದ ಕತೆಯನ್ನು ನಾನೊಬ್ಬ ಸುಳ್ಳು ಅಂದರೆ ಯಾರು ನಂಬುತ್ತಾರೆ? ಆದರೂ ಹೇಳುತ್ತೇನೆ.

ಫೋಟೋ ತೆಗೆದವರು ಕೆವಿನ್ ಕಾರ್ಟರ್, ದಕ್ಷಿಣ ಆಫ್ರಿಕಾದವರು. 1993ರ ಮಾರ್ಚ್‌ನಲ್ಲಿ, ಇಂದಿನ ದಕ್ಷಿಣ ಸುಡಾನ್‌ನ ಅಯೋದ್ ಎಂಬ ಊರಿನಲ್ಲಿ. ಅದು ನಿರ್ಜನ ಮರುಭೂಮಿ ಅಲ್ಲ. ಹತ್ತಿರದಲ್ಲೇ ಆಹಾರ ಕೊಡುವ ಕೇಂದ್ರವಿತ್ತು. ಜೊತೆಗೆ ಹೋಗಿದ್ದ ಇನ್ನೊಬ್ಬ ಫೋಟೋಗ್ರಾಫರ್ ಜೊಆವ್ ಸಿಲ್ವಾ ಹೇಳುವ ಪ್ರಕಾರ, ಹೆತ್ತವರು ವಿಮಾನದಲ್ಲಿ ಬಂದ ಆಹಾರ ತರಲು ಮಗುವನ್ನು ಅಲ್ಲಿ ಬಿಟ್ಟು ಹೋಗಿದ್ದರು.

ಪಾಠ ಹೇಳಿಕೊಡುವಾಗ ನಾನು ಹುಡುಗರಿಗೆ ಒಂದು ಕೆಲಸ ಕೊಡುತ್ತೇನೆ. ಚಿತ್ರವನ್ನು ದೊಡ್ಡದು ಮಾಡಿ, ಮಗುವಿನ ಬಲಗೈ ಮಣಿಕಟ್ಟು ನೋಡಿ ಅನ್ನುತ್ತೇನೆ. ಮೂವತ್ತು ಜನರಲ್ಲಿ ಒಬ್ಬಳು ಕಂಡುಹಿಡಿದಳು, ನನಗೆ ಇವತ್ತಿಗೂ ಖುಷಿ. ಅಲ್ಲೊಂದು ಪ್ಲಾಸ್ಟಿಕ್ ಪಟ್ಟಿ ಇದೆ. ಆಹಾರ ಕೇಂದ್ರದವರು ಹೆಸರು ಬರೆದುಕೊಂಡು ಕಟ್ಟುವ ಪಟ್ಟಿ ಅದು. ಅಂದರೆ ಮಗು ಆಗಲೇ ಅವರ ಲೆಕ್ಕಕ್ಕೆ ಬಂದಿತ್ತು. ಲಕ್ಷಾಂತರ ಸಲ ಫಾರ್ವರ್ಡ್ ಆದ ಚಿತ್ರ. ಆ ಕೈಯನ್ನು ನೋಡಿದವರು ಎಷ್ಟು ಜನ?

ಮಗು ಸತ್ತೇ ಹೋಯಿತು ಅನ್ನುತ್ತೀರಲ್ಲ? 2011ರಲ್ಲಿ ಸ್ಪೇನಿನ 'ಎಲ್ ಮುಂಡೋ' ಪತ್ರಿಕೆಯವರು ಆ ಊರಿಗೇ ಹೋಗಿ ವಿಚಾರಿಸಿದರು. ಎಲ್ಲರೂ ಹೆಣ್ಣು ಮಗು ಅಂದುಕೊಂಡಿದ್ದದ್ದು ಗಂಡು ಮಗು. ಬರಗಾಲ ದಾಟಿ ಬದುಕಿದ, ಬೆಳೆದು ದೊಡ್ಡವನಾದ, ಅದಕ್ಕೆ ಸುಮಾರು ನಾಲ್ಕು ವರ್ಷದ ಹಿಂದೆ ಜ್ವರದಿಂದ ತೀರಿಕೊಂಡ ಅಂತ ಅವನ ತಂದೆಯೇ ಹೇಳಿದರು.

ಇನ್ನು ಆ ಫೋನ್ ಮಾತುಕತೆ. ಫ್ಲಾರಿಡಾದ ಒಂದು ಪತ್ರಿಕೆ ಕಾರ್ಟರ್‌ರನ್ನು 'ಇನ್ನೊಂದು ರಣಹದ್ದು' ಅಂತ ಬರೆದದ್ದು ನಿಜ. ಫೋನು, ವಿಮಾನ, ಎಲ್ಲ ಆಮೇಲೆ ಹಾಕಿದ ಒಗ್ಗರಣೆ. ಅವರು ಪ್ರಾಣ ಕಳೆದುಕೊಂಡದ್ದು 1994ರ ಜುಲೈನಲ್ಲಿ, ವಯಸ್ಸು 33. ಬರೆದಿಟ್ಟ ಪತ್ರದಲ್ಲಿ ಈ ಮಗುವಿನ ಹೆಸರೆತ್ತಿ ಕೊರಗಿಲ್ಲ. ಬಾಡಿಗೆಗೆ ದುಡ್ಡಿಲ್ಲ, ಸಾಲ ಇದೆ, ಕಂಡ ಕೊಲೆಗಳು ಹೆಣಗಳು ಕಣ್ಣಿಂದ ಹೋಗುತ್ತಿಲ್ಲ ಅಂತ ಇದೆ. ಮೂರು ತಿಂಗಳ ಹಿಂದಷ್ಟೇ ಜೀವದ ಗೆಳೆಯ ಕೆನ್ ಊಸ್ಟರ್‌ಬ್ರೂಕ್ ಗುಂಡೇಟಿಗೆ ಬಲಿಯಾಗಿದ್ದರು. ಇಷ್ಟೆಲ್ಲ ಇರುವ ಒಂದು ಬದುಕನ್ನು ನಾವು ನೀತಿಕತೆ ಮಾಡಿ ಮುಗಿಸಿದ್ದೇವೆ.

ಹಾಗಂತ ಕಾರ್ಟರ್ ದೇವರಲ್ಲ. ಹದ್ದನ್ನು ಓಡಿಸಿದರು, ನಿಜ. ಆದರೆ ಓಡಿಸುವ ಮೊದಲು, ಅದು ರೆಕ್ಕೆ ಬಿಚ್ಚಲಿ ಅಂತ ಸುಮಾರು ಇಪ್ಪತ್ತು ನಿಮಿಷ ಕಾದೆ ಅಂತ ಅವರೇ ಹೇಳಿಕೊಂಡಿದ್ದರು. ತಪ್ಪು ಹುಡುಕುವುದಾದರೆ ಇಲ್ಲಿ ಹುಡುಕಿ. ಒಂದು ಚಿತ್ರ ಸಿಕ್ಕ ಮೇಲೂ ಇನ್ನೂ ಚೆನ್ನಾಗಿ ಬರಲಿ ಅಂತ ನಿಲ್ಲುವ ಆ ಆಸೆ ನನಗೆ ಗೊತ್ತು. ನಾನೂ ನಿಂತಿದ್ದೇನೆ, ಐದು ನಿಮಿಷ, ಮೂಡಿಗೆರೆ ಕಡೆ, 2019ರ ಆಗಸ್ಟ್ ಮಳೆಯಲ್ಲಿ. ಗುಡ್ಡ ಕುಸಿದ ಮನೆಯ ಮುಂದೆ ಅಜ್ಜಿಯೊಬ್ಬರು ಕೂತಿದ್ದರು. ಅವರು ತಲೆ ಎತ್ತಲಿ ಅಂತ ಕಾದೆ. ಎತ್ತಿ ನನ್ನನ್ನೇ ನೋಡಿದರು. ಆ ಫೋಟೋ ಯಾರಿಗೂ ಕಳಿಸಲಿಲ್ಲ.

ಈಗ ಯಾರೂ ಕೇಳದ ಪ್ರಶ್ನೆಗೆ ಬರೋಣ. ತೆಗೆದವನನ್ನು ಎಲ್ಲರೂ ಬೈಯುತ್ತಾರೆ, ಹಂಚಿದವನನ್ನು ಯಾಕೆ ಯಾರೂ ಬೈಯುವುದಿಲ್ಲ? ಹಾಸನದವರಿಗೆ ಇದನ್ನು ಬಿಡಿಸಿ ಹೇಳಬೇಕಾ? 2024ರ ಏಪ್ರಿಲ್‌ನಲ್ಲಿ ಲೈಂಗಿಕ ದೌರ್ಜನ್ಯದ ವಿಡಿಯೋಗಳಿದ್ದ ಪೆನ್‌ಡ್ರೈವ್ ಎಲ್ಲೆಲ್ಲಿ ಬಿದ್ದಿತ್ತು, ಯಾರ್ಯಾರ ಫೋನಿಗೆ ಹೋಯಿತು, ನಮಗೆಲ್ಲ ಗೊತ್ತು. ಹೆಂಗಸರ ಮುಖಕ್ಕೆ ಮಸುಕು ಕೂಡ ಹಾಕಿರಲಿಲ್ಲ. ಹಂಚಿದರೆ ಅಪರಾಧ ಅಂತ ಎಸ್‌ಐಟಿ ಎಚ್ಚರಿಕೆ ಕೊಡಬೇಕಾಯಿತು. ಅದನ್ನು ಮುಂದಕ್ಕೆ ಒತ್ತಿದವರಲ್ಲಿ ಒಬ್ಬರೂ ಪತ್ರಿಕೆ ಫೋಟೋಗ್ರಾಫರ್ ಆಗಬೇಕಿರಲಿಲ್ಲ, ಒಂದು ಬೆರಳು ಸಾಕಿತ್ತು.

ಕಾನೂನು ಇದೆ. ಅತ್ಯಾಚಾರಕ್ಕೆ ಒಳಗಾದವರ ಗುರುತು ಬಿಟ್ಟುಕೊಟ್ಟರೆ ಭಾರತೀಯ ನ್ಯಾಯ ಸಂಹಿತೆಯ 72ನೇ ಸೆಕ್ಷನ್ ಪ್ರಕಾರ ಎರಡು ವರ್ಷದವರೆಗೆ ಜೈಲು. ತೀರಿಕೊಂಡಿದ್ದರೂ ಹೆಸರು ಹಾಕುವಂತಿಲ್ಲ ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗೇ, ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದರೆ ಪೊಲೀಸ್ ಕಾಟ ಅನ್ನುವ ಭಯ ಬಿಡಿ. 2019ರಲ್ಲಿ ತಿದ್ದಿದ ಮೋಟಾರು ವಾಹನ ಕಾಯ್ದೆಯಲ್ಲಿ ಅಂಥವರಿಗೆ ರಕ್ಷಣೆ ಇದೆ. ಫೋನ್ ಜೇಬಿಗೆ ಹಾಕಿ ಧೈರ್ಯವಾಗಿ ಎತ್ತಿ.

'ಒಪ್ಪಿಗೆ ಕೇಳಿ ತೆಗೆದರೆ ಆಯ್ತಲ್ವಾ ಸಾರ್' ಅಂತ ನನ್ನ ವಿದ್ಯಾರ್ಥಿಗಳು ಸಲೀಸಾಗಿ ಹೇಳುತ್ತಾರೆ. ಯಾರ ಒಪ್ಪಿಗೆ? ಆಲೂರು ಕಡೆ ಒಂದು ಸಲ ಕಾಡಾನೆ ತುಳಿದು ತೋಟದ ಕೂಲಿಯವರೊಬ್ಬರು ಹೋಗಿದ್ದರು. ಜನ ಹೆಣವನ್ನು ರಸ್ತೆಗೆ ತಂದು ಕೂತಿದ್ದರು. ನಾನು ದೂರದಲ್ಲಿ ನಿಂತು ಬಿದ್ದ ಗಮ್‌ಬೂಟ್ ತೆಗೆಯುತ್ತಿದ್ದೆ. ಊರವರೇ ತೋಳು ಹಿಡಿದು ಎಳೆದರು. 'ಹತ್ತಿರ ಬನ್ನಿ ಸಾರ್, ಮುಖ ತೆಗೀರಿ. ಡಿಸಿ ನೋಡ್ಲಿ, ಮಂತ್ರಿ ನೋಡ್ಲಿ.' ಬಟ್ಟೆ ಸರಿಸಿದವನು ಸತ್ತವರ ತಮ್ಮ. ತೆಗೆದೆ.

ಡೆಸ್ಕಿಗೆ ಕಳಿಸುವ ಮೊದಲು ಮನಸ್ಸು ತಡೆಯದೆ ಅವರ ಮನೆಗೆ ಹೋದೆ. ಹೆಂಡತಿ ಒಳಗೆ ಗೋಡೆಗೆ ಒರಗಿದ್ದರು. ಕೇಳಿದೆ. 'ಬ್ಯಾಡ ಅಣ್ಣ, ಮಗಳು ಪೇಪರ್ ಓದ್ತಾಳೆ' ಅಂದರು. ಗಮ್‌ಬೂಟ್ ಚಿತ್ರವನ್ನೇ ಕಳಿಸಿದೆ. ಒಳಪುಟದಲ್ಲಿ ಎರಡು ಕಾಲಂ ಬಂತು. ಮಾರನೇ ದಿನ ಆ ತಮ್ಮ ಫೋನ್ ಮಾಡಿ, 'ಎಷ್ಟು ದುಡ್ಡು ತಗೊಂಡು ಮುಖ ಮುಚ್ಚಿಟ್ರಿ' ಅಂತ ಕೇಳಿದರು.