ಸಾಲ್ವರ್ ಒಂದು ಯಂತ್ರವನ್ನು ಖಾಲಿ ಬಿಟ್ಟಿದೆ, ಲೆಕ್ಕ ತಪ್ಪಾಯಿತೇ?

ಪ್ರಶ್ನೆ: ವಾರದ ಉತ್ಪಾದನಾ ಯೋಜನೆಗೆ ಲೀನಿಯರ್ ಪ್ರೋಗ್ರಾಮಿಂಗ್ (ಇರುವ ಮಿತಿಗಳೊಳಗೆ ಅತಿ ಹೆಚ್ಚು ಲಾಭ ಕೊಡುವ ಯೋಜನೆಯನ್ನು ಹುಡುಕುವ ಗಣಿತ ವಿಧಾನ) ಮಾದರಿ ಸಿದ್ಧಪಡಿಸಿದ್ದೇನೆ. ಅದನ್ನು ಬಿಡಿಸುವ ತಂತ್ರಾಂಶ, ಅಂದರೆ ಸಾಲ್ವರ್, ಕೊಟ್ಟ ಉತ್ತರದಲ್ಲಿ ಒಂದು ವಿಭಾಗದ ಕಾಲು ಭಾಗ ಸಮಯ ಬಳಕೆಯೇ ಆಗುತ್ತಿಲ್ಲ. ಎಲ್ಲ ಯಂತ್ರಗಳೂ ಪೂರ್ತಿ ದುಡಿಯುವಂತೆ ಮಾದರಿಯನ್ನು ಹೇಗೆ ಸರಿಪಡಿಸಲಿ?

ಉತ್ತರ: ಸರಿಪಡಿಸಬೇಡಿ. ಮಾದರಿ ಸರಿಯಾಗಿಯೇ ಇದೆ. ಈ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಮತ್ತೆ ಮತ್ತೆ ಬರುತ್ತಲೇ ಇರುತ್ತದೆ. ಪ್ರತಿ ಸಲವೂ ಅದರ ಹಿಂದಿರುವುದು ಒಂದೇ ನಂಬಿಕೆ: ಯಂತ್ರ ಖಾಲಿ ಕುಳಿತರೆ ನಷ್ಟ. ಇದನ್ನು ಈ ಸಲ ಬುಡಸಮೇತ ಕಿತ್ತುಹಾಕೋಣ. ಕಾಗದ, ಪೆನ್ನು ತೆಗೆದುಕೊಳ್ಳಿ.

ಉಕ್ಕಿನ ಕಪಾಟು ಮತ್ತು ಮೇಜು ತಯಾರಿಸುವ ಒಂದು ಘಟಕವಿದೆ ಎಂದುಕೊಳ್ಳಿ. ಕಪಾಟು ಒಂದಕ್ಕೆ ಕಟಿಂಗ್ 1 ಗಂಟೆ, ವೆಲ್ಡಿಂಗ್ 2 ಗಂಟೆ, ಪೇಂಟಿಂಗ್ 1 ಗಂಟೆ ಬೇಕು. ಮೇಜಿಗೆ ಕಟಿಂಗ್ 1, ವೆಲ್ಡಿಂಗ್ 1, ಪೇಂಟಿಂಗ್ 2. ವಾರಕ್ಕೆ ಕಟಿಂಗ್‌ನಲ್ಲಿ 40, ವೆಲ್ಡಿಂಗ್‌ನಲ್ಲಿ 40, ಪೇಂಟಿಂಗ್‌ನಲ್ಲಿ 50 ಗಂಟೆ ಲಭ್ಯ. ಕಪಾಟಿಗೆ ಲಾಭ 50, ಮೇಜಿಗೆ 40. ನಾಣ್ಯ ಯಾವುದಾದರೂ ಇರಲಿ. ಮಾಡಿದ್ದೆಲ್ಲ ಮಾರಾಟವಾಗುತ್ತದೆ. ಬರೀ ಕಪಾಟು ಮಾಡಿದರೆ 20ಕ್ಕೆ ವೆಲ್ಡಿಂಗ್ ಮುಗಿಯುತ್ತದೆ, ಲಾಭ 1000. ಬರೀ ಮೇಜು ಮಾಡಿದರೆ 25ಕ್ಕೆ ಪೇಂಟಿಂಗ್ ಮುಗಿಯುತ್ತದೆ, ಲಾಭ ಮತ್ತೆ 1000. ಸಾಲ್ವರ್ ಕೊಡುವ ಉತ್ತರ 10 ಕಪಾಟು, 20 ಮೇಜು, ಲಾಭ 1300. ವೆಲ್ಡಿಂಗ್ ಪೂರ್ತಿ ಬಳಕೆಯಾಯಿತು, ಪೇಂಟಿಂಗ್ ಕೂಡ. ಕಟಿಂಗ್‌ನಲ್ಲಿ ಮಾತ್ರ 10 ಗಂಟೆ ಉಳಿಯಿತು.

ಈಗ ನಿಮ್ಮ ಮಾತಿನಂತೆ ಆ 10 ಗಂಟೆಯೂ ಕಟಿಂಗ್ ಯಂತ್ರವನ್ನು ಓಡಿಸೋಣ. ಇನ್ನೂ ಹತ್ತು ಕಪಾಟಿಗೋ ಮೇಜಿಗೋ ಸಾಲುವಷ್ಟು ತಗಡು ಕತ್ತರಿಸಿ ಬರುತ್ತದೆ. ಅದನ್ನು ಬೆಸೆಯುವವರು ಯಾರು? ವೆಲ್ಡಿಂಗ್‌ನಲ್ಲಿ ಒಂದು ನಿಮಿಷವೂ ಉಳಿದಿಲ್ಲ. ತಗಡು ವೆಲ್ಡಿಂಗ್ ಮುಂದೆ ರಾಶಿ ಬೀಳುತ್ತದೆ. ಮುಂದಿನ ವಾರ ಮತ್ತೆ ಹತ್ತು, ಅದರ ಮುಂದಿನ ವಾರ ಮತ್ತೆ ಹತ್ತು. ಹಣ ಕೊಟ್ಟು ತಂದ ತಗಡು ತುಕ್ಕು ಹಿಡಿಯುತ್ತದೆ, ಓಡಾಡುವ ಜಾಗ ಕಟ್ಟಿಕೊಳ್ಳುತ್ತದೆ, ಈ ವಾರಕ್ಕೆ ಬೇಕಾದ ತುಂಡು ರಾಶಿಯ ಅಡಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಮಾರಾಟಕ್ಕೆ ಹೋಗುವುದು ಮೊದಲಿನಂತೆಯೇ 10 ಕಪಾಟು, 20 ಮೇಜು. ಲಾಭ ಒಂದು ಬಿಡಿಗಾಸಿನಷ್ಟೂ ಏರಲಿಲ್ಲ, ಖರ್ಚು ಏರಿತು.

ಹಾಗಿದ್ದರೂ ಈ ನಂಬಿಕೆ ಸಾಯುವುದಿಲ್ಲ. ಕಾರಣ ಲೆಕ್ಕಪತ್ರದಲ್ಲಿದೆ. ಯಂತ್ರದ ಸ್ಥಿರ ವೆಚ್ಚವನ್ನು ಅದು ಓಡಿದ ಗಂಟೆಗಳಿಗೆ ಹಂಚಿದಾಗ, ಹೆಚ್ಚು ಓಡಿಸಿದಷ್ಟೂ ಗಂಟೆಯ ವೆಚ್ಚ ಕಡಿಮೆಯಾದಂತೆ ಕಾಣುತ್ತದೆ. ಕಾಣುತ್ತದೆ, ಅಷ್ಟೇ. ಯಂತ್ರಕ್ಕೆ ತೆತ್ತ ಹಣ ಓಡಿಸಿದರೂ ಹೋಗಿದೆ, ಓಡಿಸದಿದ್ದರೂ ಹೋಗಿದೆ.

ಸಾಲ್ವರ್ ವರದಿಯಲ್ಲಿ ಶ್ಯಾಡೋ ಪ್ರೈಸ್ ಎಂಬ ಅಂಕಣವಿದೆ. ದಯವಿಟ್ಟು ಅದನ್ನು ಓದಿ. ಇಡೀ ವರದಿಯಲ್ಲಿ ಅದಕ್ಕಿಂತ ಬೆಲೆಬಾಳುವ ಭಾಗ ಇನ್ನೊಂದಿಲ್ಲ. ನಮ್ಮ ಉದಾಹರಣೆಯಲ್ಲಿ ವೆಲ್ಡಿಂಗ್‌ಗೆ 20, ಪೇಂಟಿಂಗ್‌ಗೆ 10, ಕಟಿಂಗ್‌ಗೆ ಸೊನ್ನೆ. ವೆಲ್ಡಿಂಗ್‌ನಲ್ಲಿ ಇನ್ನೊಂದು ಗಂಟೆ ಸಿಕ್ಕರೆ ಲಾಭ 20 ಏರುತ್ತದೆ, ಕಟಿಂಗ್‌ನಲ್ಲಿ ಸಿಕ್ಕರೆ ಏನೂ ಏರುವುದಿಲ್ಲ. 1939ರಲ್ಲಿ ಸೋವಿಯತ್ ಗಣಿತಜ್ಞ ಲಿಯೊನಿಡ್ ಕಾಂಟೊರೊವಿಚ್ ಇಂಥ ಬೆಲೆಗಳನ್ನು ಕಂಡುಕೊಂಡದ್ದು ಕೂಡ ಪ್ಲೈವುಡ್ ಉದ್ಯಮದ ಯಂತ್ರಗಳಿಗೆ ಕೆಲಸ ಹಂಚುವ ಪ್ರಶ್ನೆಯಿಂದಲೇ. 1975ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು.

ಆದರೆ ಈ ಬೆಲೆ ಶಾಶ್ವತವಲ್ಲ. ವೆಲ್ಡಿಂಗ್ ಸಮಯವನ್ನು ಹೆಚ್ಚಿಸುತ್ತಾ ಹೋದರೆ 70 ಗಂಟೆಯವರೆಗೆ ಪ್ರತಿ ಗಂಟೆಗೂ 20 ಸಿಗುತ್ತದೆ. ಅಲ್ಲಿಗೆ ಯೋಜನೆ 30 ಕಪಾಟು, 10 ಮೇಜು. ಇಷ್ಟು ದಿನ ಖಾಲಿಯಿದ್ದ ಕಟಿಂಗ್‌ನ 40 ಗಂಟೆಯೂ ಮುಗಿದಿರುತ್ತದೆ. ಅದರಾಚೆ ವೆಲ್ಡಿಂಗ್‌ನ ಗಂಟೆಗೆ ಸಿಗುವುದು 10 ಮಾತ್ರ, ಪೇಂಟಿಂಗ್‌ನ ಗಂಟೆಗೆ ಸೊನ್ನೆ. ಹೊಸ ಯಂತ್ರ ಕೊಳ್ಳುವ ಮುನ್ನ ಈ ಮಿತಿಯನ್ನು ನೋಡಲೇಬೇಕು.

ನೀವು ಕೇಳದ ಇನ್ನೊಂದು ಪ್ರಶ್ನೆಗೂ ಉತ್ತರಿಸಿಬಿಡುತ್ತೇನೆ: ಬಾಟಲ್‌ನೆಕ್ (ಇಡೀ ಉತ್ಪಾದನೆಗೆ ಮಿತಿ ಹಾಕುವ ಇಕ್ಕಟ್ಟಿನ ಜಾಗ) ಆದ ವೆಲ್ಡಿಂಗ್ ವಿಭಾಗವನ್ನಾದರೂ ನೂರಕ್ಕೆ ನೂರು ತುಂಬಬೇಕಲ್ಲವೇ? ಮಾದರಿಯ ಮಟ್ಟಿಗೆ ಹೌದು. ಅಲ್ಲಿ ಯಂತ್ರ ಕೆಡುವುದಿಲ್ಲ, ಆರ್ಡರ್ ಏರುಪೇರಾಗುವುದಿಲ್ಲ, ಎರಡು ಗಂಟೆಯ ಕೆಲಸ ಮೂರು ಗಂಟೆ ಹಿಡಿಯುವುದಿಲ್ಲ. ಆರ್ಡರ್ ಬಂದಂತೆ ಮಾಡಿಕೊಡುವ ಕಡೆ ಇವೆಲ್ಲವೂ ಆಗುತ್ತವೆ. ಆರ್ಡರ್‌ಗಳು ಯಾದೃಚ್ಛಿಕವಾಗಿ ಬರುವ, ಒಂದೇ ಯಂತ್ರವಿರುವ ಅತಿ ಸರಳ ಸರತಿ ಮಾದರಿಯಲ್ಲಿ, ಯಂತ್ರ ಶೇ. 80 ತುಂಬಿದ್ದರೆ ಕಾಯುತ್ತಿರುವ ಮತ್ತು ನಡೆಯುತ್ತಿರುವ ಕೆಲಸಗಳು ಸರಾಸರಿ 4. ಶೇ. 90ಕ್ಕೆ 9. ಶೇ. 95ಕ್ಕೆ 19. ನೂರಕ್ಕೆ ಹತ್ತಿರವಾದಂತೆ ಸರತಿಗೆ ಕೊನೆಯೇ ಇಲ್ಲ.

ಹಾಗಾಗಿ ವೆಲ್ಡಿಂಗ್‌ನ ಮಿತಿಯನ್ನು 40ರ ಬದಲು 34 ಎಂದು ಬರೆಯಿರಿ, ಅಂದರೆ ಶೇ. 85. ಯೋಜನೆ 6 ಕಪಾಟು, 22 ಮೇಜಿಗೆ ಬರುತ್ತದೆ, ಲಾಭ 1180. ಕೈಬಿಟ್ಟದ್ದು 120, ಆರು ಗಂಟೆ, ಗಂಟೆಗೆ 20. ಪೇಂಟಿಂಗ್ ಇನ್ನೂ ಪೂರ್ತಿ ತುಂಬಿದೆ, ಅದರ ಮಿತಿಯನ್ನೂ ಇದೇ ರೀತಿ ಇಳಿಸಿ ನೋಡಿ. ತಡವಾಗಿ ತಲುಪಿದ ಆರ್ಡರ್‌ಗಳಿಂದ ನಿಮಗೆ ವಾರಕ್ಕೆ ಆಗುವ ನಷ್ಟ ಇದಕ್ಕಿಂತ ಹೆಚ್ಚೋ ಕಡಿಮೆಯೋ ಎಂಬುದನ್ನು ನಿಮ್ಮ ಪುಸ್ತಕದಿಂದಲೇ ತೆಗೆಯಬೇಕು. ಆ ಅಂಕಿ ಸಾಲ್ವರ್ ಬಳಿ ಇಲ್ಲ.