ಕೋಡಿಯಿಲ್ಲದ ಸರೋವರ

ಕೆರೆ ತುಂಬಿ ಕೋಡಿ ಹರಿದರೆ ಬಾಗಿನ ಅರ್ಪಿಸುವವರು ನಾವು. ಕೆನ್ಯಾದ ನಕುರು ಸರೋವರ ತುಂಬಿದಾಗ ಮಾತ್ರ ಅದನ್ನು ಲೋಕಪ್ರಸಿದ್ಧ ಮಾಡಿದ್ದ ಫ್ಲೆಮಿಂಗೊ ಹಕ್ಕಿಗಳೇ ಜಾಗ ಖಾಲಿ ಮಾಡಿದವು.

ನಕುರುವಿಗೆ ಕೋಡಿಯೇ ಇಲ್ಲ. ಪೂರ್ವ ಆಫ್ರಿಕಾದ ಮಹಾ ಬಿರುಕು ಕಣಿವೆಯ (ಗ್ರೇಟ್ ರಿಫ್ಟ್ ವ್ಯಾಲಿ) ತಳದಲ್ಲಿರುವ ಇದಕ್ಕೆ ಜೋರೊ, ಮಕಾಲಿಯಾದಂಥ ಸಣ್ಣ ನದಿಗಳು ಬಂದು ಸೇರುತ್ತವೆ. ಬಂದ ನೀರು ಬಿಸಿಲಿಗೆ ಆವಿಯಾಗಿ ಹೋಗುತ್ತದೆ, ಅದು ಹೊತ್ತು ತಂದ ಲವಣ ಉಳಿಯುತ್ತದೆ. ಹೀಗೆ ಉಳಿದದ್ದು ಬಹುಪಾಲು ನಾವು ಬಟ್ಟೆಗೂ ಅಡುಗೆಗೂ ಬಳಸುವ ಸೋಡಾಗಳೇ. ನೀರಿನ ಪಿಎಚ್ 10ರ ಆಸುಪಾಸು, ಅಂದರೆ ಬಲು ಕ್ಷಾರ. ಹೆಚ್ಚಿನ ಜೀವಿಗಳಿಗೆ ಆಗದ ಈ ನೀರಿನಲ್ಲಿ ಸ್ಪಿರುಲಿನಾ ಜಾತಿಯ ಸಯನೋಬ್ಯಾಕ್ಟೀರಿಯಾ (ಪಾಚಿಯಂಥ ಸೂಕ್ಷ್ಮಜೀವಿ) ಹಸಿರು ಗಂಜಿಯಂತೆ ಬೆಳೆಯುತ್ತದೆ. ಕಿರು ಫ್ಲೆಮಿಂಗೊಗಳಿಗೆ ಇದೇ ಊಟ. ಹಕ್ಕಿ ಕೊಕ್ಕನ್ನು ತಲೆಕೆಳಗಾಗಿ ನೀರಿಗಿಟ್ಟು, ನಾಲಿಗೆಯನ್ನು ಪಂಪಿನಂತೆ ಆಡಿಸಿ ನೀರೆಳೆದು ಹೊರಬಿಡುತ್ತದೆ. ಕೊಕ್ಕಿನೊಳಗಿನ ನವಿರಾದ ಜರಡಿಯಲ್ಲಿ ಆಹಾರ ನಿಲ್ಲುತ್ತದೆ. ಗರಿಯ ಗುಲಾಬಿ ಬಣ್ಣವೂ ಈ ಊಟದಲ್ಲಿರುವ ಕೆರೋಟಿನಾಯ್ಡ್ ಎಂಬ ಬಣ್ಣದ ವಸ್ತುಗಳಿಂದಲೇ ಬಂದದ್ದು.

2010ರ ನಂತರ ಮಳೆ ಹೆಚ್ಚಿತು. ಸುಮಾರು 40 ಚದರ ಕಿ.ಮೀ. ಇದ್ದ ನೀರಿನ ಹರವು 60 ದಾಟಿತು. ಸರೋವರದ ಸುತ್ತಲಿನ ರಾಷ್ಟ್ರೀಯ ಉದ್ಯಾನದ ಹಳೆಯ ಮುಖ್ಯದ್ವಾರವೂ ಮುಳುಗಿತು. ಸೋಡಾ ತೆಳುವಾಯಿತು, ಸ್ಪಿರುಲಿನಾ ಕ್ಷೀಣಿಸಿತು. ಫ್ಲೆಮಿಂಗೊಗಳು ಬಿಸಿನೀರ ಬುಗ್ಗೆಗಳ ಬೊಗೊರಿಯಾ ಸರೋವರದಂಥ ಕಡೆಗೆ ಹಾರಿದವು. ಅವು ಹಿಂದೆಯೂ ಒಂದೇ ಕಡೆ ನೆಲೆಸಿದವಲ್ಲ. ಮರಿ ಮಾಡಲು ತಾಂಜಾನಿಯಾದ ನೇಟ್ರಾನ್ ಸರೋವರಕ್ಕೇ ಹೋಗುತ್ತವೆ. ಆದ್ದರಿಂದ ನಕುರುವೊಂದನ್ನು ಕಾಪಾಡಿದರೆ ಸಾಲದು, ಸರೋವರಗಳ ಸರಪಳಿಯೇ ಉಳಿಯಬೇಕು. 2011ರಲ್ಲಿ ಯುನೆಸ್ಕೊ ನಕುರು, ಬೊಗೊರಿಯಾ, ಎಲ್ಮೆಂಟೈಟಾ ಮೂರನ್ನೂ ಒಟ್ಟಿಗೇ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಸರಿಯಾದ ಕೆಲಸ.

ಗುಲಾಬಿ ದಡದ ಹಳೆಯ ಫೋಟೊ ನೋಡಿ ಹೊರಟವರಿಗೆ ನಿರಾಸೆಯಾಗಬಹುದು. ಆದರೂ ನಕುರುವಿಗೆ ಹೋಗಿ ಎಂದೇ ಹೇಳುತ್ತೇನೆ. ಬೇಲಿ ಹಾಕಿ ಕಾಯುವ ಈ ಉದ್ಯಾನದಲ್ಲಿ ಕಪ್ಪು, ಬಿಳಿ ಎರಡೂ ಘೇಂಡಾಮೃಗಗಳಿವೆ. ಬಣ್ಣ ನೋಡಿ ಗುರುತಿಸಲು ಹೋಗಬೇಡಿ, ತುಟಿ ನೋಡಿ. ಅಗಲ ತುಟಿಯ ಬಿಳಿಯದು ತಲೆ ತಗ್ಗಿಸಿ ಹುಲ್ಲು ಮೇಯುತ್ತದೆ, ಕೊಕ್ಕೆ ತುಟಿಯ ಕಪ್ಪು ಪೊದೆಯ ಚಿಗುರು ಕೀಳುತ್ತದೆ.

ಹೆಜ್ಜಾರ್ಲೆಗಳೂ ಇವೆ. ಕೊಕ್ಕರೆಬೆಳ್ಳೂರಿನ ಚುಕ್ಕೆ ಕೊಕ್ಕಿನವಲ್ಲ, ದೊಡ್ಡ ಬಿಳಿ ಹೆಜ್ಜಾರ್ಲೆಗಳು. ಸೊಳ್ಳೆ ಹತೋಟಿಗೆಂದು ಕಳೆದ ಶತಮಾನದ ನಡುವಿನಲ್ಲಿ ಕೆನ್ಯಾದ್ದೇ ಆದ ಮಾಗಡಿ ಸರೋವರದಿಂದ ಪುಟ್ಟ ಮೀನುಗಳನ್ನು ತಂದು ಬಿಟ್ಟಿದ್ದರು. ಮೀನು ನೆಲೆಯೂರಿದ ಮೇಲೆ ಅದನ್ನು ಹಿಡಿಯುವ ಹಕ್ಕಿಗಳೂ ಬಂದವು.

ಬಬೂನ್ ಬಂಡೆಯ ಮೇಲಿಂದ ಇಡೀ ಸರೋವರ ಕಾಣುತ್ತದೆ. ಅಂಚಿನಲ್ಲಿ, ಏರಿದ ನೀರಿಗೆ ಸಿಕ್ಕಿ ಸತ್ತ ಜಾಲಿ ಮರಗಳು ಬೋಳಾಗಿ ನಿಂತಿವೆ. ದುರ್ಬೀನು ಅತ್ತ ತಿರುಗಿಸಿ: ಆ ಕೊಂಬೆಗಳು ಈಗ ನೀರುಕಾಗೆಗಳ ತಂಗುದಾಣ.