‘ದಿನ ತುಂಬುವುದು’ ಎಂದರೆ ಎಷ್ಟು ದಿನ?

ನಮ್ಮ ಉಡುಪಿ ಕಡೆ ಬಸುರಿಯನ್ನು ಕಂಡವರು ಮೊದಲು ಕೇಳುವುದು ‘ಎಷ್ಟು ತಿಂಗಳಾಯ್ತು?’ ಎಂದು. ಆಸ್ಪತ್ರೆಯಲ್ಲಿ ಕೇಳುವುದು ‘ಎಷ್ಟು ವಾರ?’ ಎಂದು. ‘ಅವಧಿಪೂರ್ವ ಹೆರಿಗೆ’ ಎಂಬ ಪದ ಅರ್ಥವಾಗಬೇಕಾದರೆ ಈ ಎರಡನೇ ಪ್ರಶ್ನೆಗೆ ಉತ್ತರ ಗೊತ್ತಿರಬೇಕು.

ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸಿ 40 ವಾರಕ್ಕೆ, ಅಂದರೆ 280 ದಿನಕ್ಕೆ, ಹೆರಿಗೆಯ ತಾರೀಕು ಕೊಡುತ್ತಾರೆ. 37 ವಾರ ಪೂರ್ತಿಯಾಗುವ ಮೊದಲೇ ಮಗು ಹುಟ್ಟಿದರೆ ಅದು ಅವಧಿಪೂರ್ವ ಹೆರಿಗೆ. ‘ಒಂಬತ್ತಕ್ಕೆ ಬಿತ್ತು, ಇನ್ನು ಹೆದರಿಕೆ ಇಲ್ಲ’ ಎನ್ನುತ್ತಾರಲ್ಲ, ಒಂಬತ್ತು ಹಿಡಿಯುವಾಗ ಆಗಿರುವುದು ಸುಮಾರು 35 ವಾರ ಮಾತ್ರ. ಏಳರ ಮಗು ಉಳಿಯುತ್ತದೆ, ಎಂಟರದ್ದು ಉಳಿಯುವುದಿಲ್ಲ ಎಂಬ ಹಳೆಯ ಮಾತಂತೂ ಪೂರ್ತಿ ತಪ್ಪು. ಹೊಟ್ಟೆಯೊಳಗೆ ಹೆಚ್ಚು ಸಿಕ್ಕಿದ ಒಂದೊಂದು ವಾರವೂ ಮಗುವಿಗೆ ಬಲವೇ. ಎರಡೂವರೆ ಕಿಲೋಗಿಂತ ಕಡಿಮೆ ತೂಗುವ ಮಕ್ಕಳೆಲ್ಲ ದಿನ ತುಂಬದವರಲ್ಲ; ತೂಕದ ಲೆಕ್ಕ ಬೇರೆ, ವಾರದ ಲೆಕ್ಕ ಬೇರೆ.

ನನ್ನ ಚಿಕ್ಕಮ್ಮನ ಮಗಳು ಬಯಕೆ ಶಾಸ್ತ್ರ ಮುಗಿಸಿ ತವರಿಗೆ ಬಂದಿದ್ದಳು. ಮುಡಿಗಿಟ್ಟ ಶಂಕರಪುರ ಮಲ್ಲಿಗೆ ಇನ್ನೂ ಪೂರ್ತಿ ಬಾಡಿರಲಿಲ್ಲ, ಮರುದಿನ ಸೊಂಟ ಹಿಡಿದುಕೊಂಡಿತು. ತುಂಬ ಹೊತ್ತು ಕೂತದ್ದಕ್ಕೆ ಎಂದರು ಒಬ್ಬರು. ಗ್ಯಾಸ್ ಎಂದು ಜೀರಿಗೆ ಕಷಾಯ ಕೊಟ್ಟರು ಇನ್ನೊಬ್ಬರು. ಪಕ್ಕದ ಮನೆಗೆ ಬಂದಿದ್ದ ಆಶಾ ಕಾರ್ಯಕರ್ತೆ ಅಕ್ಕ ಅವಳ ಹೊಟ್ಟೆ ಮೇಲೆ ಕೈಯಿಟ್ಟು ಗಡಿಯಾರ ನೋಡುತ್ತ ಕೂತರು. ಹತ್ತು ನಿಮಿಷಕ್ಕೊಮ್ಮೆ ಹೊಟ್ಟೆ ಕಲ್ಲಿನ ಹಾಗೆ ಗಟ್ಟಿಯಾಗಿ ಸಡಿಲವಾಗುತ್ತಿತ್ತು. ‘ತಾಯಿ ಕಾರ್ಡ್ ಎಲ್ಲುಂಟು?’ ಎಂದು ಕೇಳಿದರು. ತಪಾಸಣೆಯ ಲೆಕ್ಕವೆಲ್ಲ ಬರೆದಿಡುವ ಆ ಕಾರ್ಡ್ ಗಂಡನ ಮನೆಯ ಕಪಾಟಿನಲ್ಲಿತ್ತು. ಅವಳ ಗಂಡ ಅದರ ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಕಳಿಸಿದ ಮೇಲೆಯೇ ಗೊತ್ತಾದದ್ದು, 31 ವಾರ 4 ದಿನ.

ಆ ಲೆಕ್ಕದ ಮೇಲೆಯೇ ಚಿಕಿತ್ಸೆ ನಿಂತಿತ್ತು. ಶ್ವಾಸಕೋಶದ ಪುಟ್ಟ ಗಾಳಿಚೀಲಗಳು ಉಸಿರು ಬಿಟ್ಟಾಗ ಅಂಟಿಕೊಂಡುಬಿಡದಂತೆ ಒಳಗೊಂದು ತೆಳು ಲೇಪವಿರುತ್ತದೆ, ಸರ್ಫ್ಯಾಕ್ಟಂಟ್ ಎಂದು. ದಿನ ತುಂಬದ ಮಗುವಿಗೆ ಅದು ಸಾಕಷ್ಟು ಬಂದಿರುವುದಿಲ್ಲ. ಉಸಿರಾಟಕ್ಕೆ ಕಷ್ಟವಾಗುವುದು ಅದಕ್ಕೇ. 24ರಿಂದ 34 ವಾರದೊಳಗೆ ನೋವು ಶುರುವಾದರೆ ತಾಯಿಗೆ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಇಂಜೆಕ್ಷನ್ ಕೊಡುತ್ತಾರೆ, 12 ಗಂಟೆಗೊಂದರಂತೆ ನಾಲ್ಕು. ಮಗುವಿನ ಶ್ವಾಸಕೋಶ ಬೇಗ ಬಲಿಯುತ್ತದೆ. ಅದು ಕೆಲಸ ಮಾಡಲು ಸಮಯ ಸಿಗಲೆಂದು ಹೆರಿಗೆ ನೋವನ್ನು ತಡೆದು ಹಿಡಿಯುವ ಔಷಧಿಯನ್ನೂ ಕೊಡುವುದುಂಟು. ಕಷಾಯ ಕುಡಿದು ರಾತ್ರಿ ಕಳೆದಿದ್ದರೆ ಆ ಸಮಯವೇ ಕೈತಪ್ಪುತ್ತಿತ್ತು.

ಹಾಗಾಗಿ ತಿಂಗಳು ತುಂಬುವ ಮೊದಲು ಸೊಂಟನೋವು ಬಂದುಬಂದು ಹೋದರೆ, ನೀರು ಹೋದರೆ, ರಕ್ತ ಕಂಡರೆ, ಮಗುವಿನ ಮಿಸುಕಾಟ ಕಡಿಮೆಯಾದರೆ ಬೆಳಗಾಗಲಿ ಎಂದು ಕಾಯಬೇಡಿ. ಮಂಗಳೂರಿನಲ್ಲಿ ಹೆರಿಗೆಗೆಂದೇ ಲೇಡಿಗೋಷನ್ ಸರಕಾರಿ ಆಸ್ಪತ್ರೆಯಿದೆ.

ತಪಾಸಣೆಯಲ್ಲಿ ಮೂತ್ರ, ರಕ್ತ, ಬಿಪಿ, ಶುಗರ್ ನೋಡುವುದು ಸುಮ್ಮನೆ ಅಲ್ಲ. ಮೂತ್ರದ ಸೋಂಕು, ಏರಿದ ಬಿಪಿ, ಸಕ್ಕರೆ ಕಾಯಿಲೆ ಎಲ್ಲವೂ ಹೆರಿಗೆಯನ್ನು ಮುಂಚೆ ತರಬಲ್ಲವು, ಬೇಗ ಕಂಡರೆ ಔಷಧಿಯೂ ಇದೆ. ಪ್ರತಿ ತಿಂಗಳ 9ರಂದು ಸರಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ನಡೆಯುತ್ತದೆ. ಇಷ್ಟೆಲ್ಲ ಮಾಡಿದರೂ ಎಷ್ಟೋ ಸಲ ಕಾರಣವೇ ಸಿಗುವುದಿಲ್ಲ. ಬಾವಿಯಿಂದ ನೀರು ಸೇದಿದಳು, ಗ್ರಹಣದ ದಿನ ಅಂಗಳಕ್ಕಿಳಿದಳು ಎಂದು ಬಾಣಂತಿಯ ಮುಂದೆ ಆಡುವ ಮಾತು ಕೇಳಿದರೆ ನನಗೆ ಹೊಟ್ಟೆ ಉರಿಯುತ್ತದೆ.

ಚಿಕ್ಕಮ್ಮನ ಮಗಳು, ಆ ತಂಗಿ, ಈಗ ಎರಡನೇ ಬಸುರಿ. ಒಮ್ಮೆ ಅವಧಿಗೆ ಮುಂಚೆ ಹೆತ್ತವರಿಗೆ ಮತ್ತೆ ಹಾಗಾಗುವ ಸಂಭವ ಹೆಚ್ಚು. ಅದಕ್ಕೆ ಮೊದಲ ಭೇಟಿಯಲ್ಲೇ ಡಾಕ್ಟರಿಗೆ ಹೇಳಿಕೊಂಡಿದ್ದಾಳೆ. ಗರ್ಭಕೋಶದ ಕೊರಳು ಗಿಡ್ಡವಾಗುತ್ತಿದೆಯೇ ಎಂದು ಸ್ಕ್ಯಾನಿಂಗ್‌ನಲ್ಲಿ ಅಳೆದು ನೋಡುತ್ತಿದ್ದಾರೆ. ತಾಯಿ ಕಾರ್ಡ್ ಈ ಸಲ ಅವಳ ಚೀಲದಲ್ಲೇ ಇರುತ್ತದೆ.